ಗುರುತು ಸಿಗದ ಪೊಟ್ಟಣ

ಕಪಿಲೆಯ ದಂಡೆಯಲ್ಲಿ ನಿರ್ವಾಣ ಸ್ವಾಮಿಗಳ ಆಶ್ರಮ. ಅವರು ಹರಸದೆ ಶಿಷ್ಯ ಶಿವನಂಜ ಯಾವ ಹೊಸ ಕೆಲಸಕ್ಕೂ ಕೈಹಾಕಿದವನಲ್ಲ.

ಒಂದು ಬೆಳಿಗ್ಗೆ ಆತ ಉಗುರಗಲದ ಚಿಪ್ ಒಂದನ್ನು ಗುರುಪಾದದ ಬಳಿ ಇಟ್ಟು ಅಡ್ಡಬಿದ್ದ.

“ಬುದ್ಧೀ, ನಾನೇ ಪ್ರೋಗ್ರಾಮ್ ಬರೆದದ್ದು. ಆಸ್ಪತ್ರೆಗಳ ನೆಟ್‌ವರ್ಕಿಗೆ ಹಾಕ್ತಾರೆ. ನಾಳೆ ಪರೀಕ್ಷೆ. ಹರಸಬೇಕು.”

“ಏನು ಮಾಡುತ್ತಪ್ಪ ಇದು?”

“ಕಂಪ್ಯೂಟರುಗಳು ಕಳಿಸೋ ಸುದ್ದಿ ಸಣ್ಣ ಸಣ್ಣ ಪೊಟ್ಟಣವಾಗಿ ಬರುತ್ತೆ. ಇದು ವಿಳಾಸ ನೋಡಿ ದಾರಿಗೆ ಹಚ್ಚುತ್ತೆ. ಹಳೇ ಚಿಪ್‌ಗಳಿಗೆ ಕಾರ್ಖಾನೆಯಲ್ಲಿ ಬರೆದದ್ದೇ ಹಣೆಬರಹ. ಇದಕ್ಕಾದರೆ ನಾವೇ ನಿಯಮ ಬರೀಬಹುದು, ತಿದ್ದಬಹುದು.”

“ನಿನ್ನ ಯಾವ ನಿಯಮಕ್ಕೂ ಸಿಗದ ಪೊಟ್ಟಣ ಬಂದರೆ?”

“ಎಸೆದುಬಿಡುತ್ತೆ. ಅದಕ್ಕೇ ಇಷ್ಟು ವೇಗ!”

“ಕಳಿಸಿದವರಿಗೆ ಒಂದು ಮಾತು ಹೇಳುತ್ತಾ?”

“ಅದಕ್ಕೆಲ್ಲ ಪುರುಸೊತ್ತೆಲ್ಲಿ ಬುದ್ಧಿ? ಕಾದು ಕಾದು ಅವರೇ ಮತ್ತೆ ಕಳಿಸ್ತಾರೆ.”

ಸ್ವಾಮಿಗಳು ಎದ್ದು ಹೂವಿನ ಗಿಡಗಳಿಗೆ ನೀರು ಹಾಕತೊಡಗಿದರು.

“ಹರಸಲಿಲ್ಲವಲ್ಲ ಬುದ್ಧಿ?”

ಸ್ವಾಮಿಗಳು ಚೊಂಬು ಹಿಡಿದು ಮುಂದಿನ ಗಿಡಕ್ಕೆ ಹೋದರು.

ಪೂಜೆಯಾದ ಮೇಲೆ ಮತ್ತೆ ಕೇಳಿದ. ಸ್ವಾಮಿಗಳು ಹಾಲಿನವನೊಡನೆ ನಕ್ಕರು. ಚೆಂಡುಹೂವಿಗೆ ಬಾಯಿಹಾಕಿದ ಕರುವನ್ನು ಗದರಿದರು. ಇವನ ಕಡೆಗೆ ಮಾತ್ರ ಕಣ್ಣೆತ್ತಲಿಲ್ಲ.

ನಂಬಿದ ಗುರುವೇ ಮುಖ ತಿರುಗಿಸಿದರೆ ಭಕ್ತನ ಪಾಡೇನು! ದಾಸೋಹದಲ್ಲಿ ಶಿವನಂಜ ಉಣ್ಣದೆ ಎಲೆಯ ಮೇಲಿನ ಅನ್ನ ಕಲಸುತ್ತಲೇ ಕೂತ.

“ಏನ್ ಎಡವಟ್ಟು ಮಾಡ್ಕೊಂಡ್ಯಪ್ಪಾ?” ಎಂದರು ಬಡಿಸುತ್ತಿದ್ದ ಗೌರಮ್ಮ. “ಬುದ್ಧಿಯವರು ಕರೂನೂ ಮಾತಾಡ್ಸಿದ್ರು, ನಿನ್ನ ಬಿಟ್ರು!”

ಸಂಜೆ ಹೊತ್ತಿಗೆ ಆತ ಗುರುಗಳ ಪಾದ ಹಿಡಿದುಕೊಂಡ.

“ತಪ್ಪಿದ್ದರೆ ಬೈಯಿರಿ. ಎದ್ದು ಹೋಗು ಅನ್ನಿ. ಏನಾದರೂ ಒಂದು ಅನ್ನಿ ಬುದ್ಧೀ. ಹೀಗೆ ಕಾಯೋಕಾಗ್ತಿಲ್ಲ.”

ಸ್ವಾಮಿಗಳು ಅಲ್ಲೇ ನೆಲದ ಮೇಲೆ ಕೂತು ಅವನ ತಲೆ ನೇವರಿಸಿದರು.

“ನಿನಗೆ ನಾನು ಕಣ್ಣೆದುರಿಗಾದರೂ ಇದ್ದೆ, ಮಗಾ. ಅಲ್ಲಿ ಆಸ್ಪತ್ರೆಯಲ್ಲಿ ಕೂತು ಕಾಯೋರಿಗೆ?”

ಶಿವನಂಜ ಜೇಬಿನಿಂದ ಚಿಪ್ ತೆಗೆದು ಅಂಗೈಯಲ್ಲಿಟ್ಟು ನೋಡಿದ.

“ತಿದ್ದಬಹುದು ಬುದ್ಧಿ,” ಎಂದ. “ಗುರುತು ಸಿಗದ್ದನ್ನ ಎಸೆಯದೆ, ಪಕ್ಕದ ದೊಡ್ಡ ಪ್ರೊಸೆಸರಿಗೆ ಒಪ್ಪಿಸೋ ಹಾಗೆ ಬರೀತೀನಿ. ಅದು ಬಿಡಿಸಿ ನೋಡಿ, ದಾರಿ ಇದ್ದರೆ ಕಳಿಸುತ್ತೆ. ಇಲ್ಲದಿದ್ದರೆ ಇಲ್ಲ ಅಂತಾದರೂ ತಿಳಿಸುತ್ತೆ. ಆದರೆ ನಿಧಾನ ಆಗುತ್ತೆ. ನಾಳೆ ಬರೋರು ವೇಗ ನೋಡೋಕೇ ಬರ್ತಾರೆ. ಬೇಡ ಅಂದುಬಿಟ್ಟರೆ ಇಷ್ಟು ವರ್ಷದ ದುಡಿಮೆ ನೀರುಪಾಲು.”

ಸ್ವಾಮಿಗಳು ಅವನ ಹಣೆಗೆ ವಿಭೂತಿ ಹಚ್ಚಿದರು.

“ನನ್ನ ಗುರುತು ಹಿಡಿಯೋಕೆ ಶಿವನಿಗೂ ಬಹಳ ಹೊತ್ತು ಬೇಕಾಯ್ತು, ಮಗಾ. ಆದರೂ ಅವನು ಎಸೆದುಬಿಡಲಿಲ್ಲ.”