ಬರಿದೊಟ್ಟಿಲ ಗುಡ್ಡ

ಗುಂಟಿಹಾಳದ ಪಡುವಣಕ್ಕೆ ಒಂದು ಬೋಳು ಗುಡ್ಡವಿದೆ. ಮೇಲೆ ಗುಡಿಯಿಲ್ಲ, ಕೋಟೆಯಿಲ್ಲ. ಬಂಡೆಗಳ ಮೈತುಂಬ ಒರಳಿನಂಥ ಕುಳಿಗಳಿವೆ. ಎಣಿಸಲು ಹೋದವರು ಅರ್ಧಕ್ಕೇ ಬಿಟ್ಟು ಇಳಿದಿದ್ದಾರೆ. ಸರಕಾರದ ಕಾಗದಗಳಲ್ಲಿ ಅದಕ್ಕೊಂದು ಸರ್ವೆ ನಂಬರು ಮಾತ್ರ ಉಂಟು. ಸುತ್ತಲ ಹಳ್ಳಿಯವರು ಅದನ್ನು ಬರಿದೊಟ್ಟಿಲ ಗುಡ್ಡ ಎನ್ನುತ್ತಾರೆ.

ಹಿಂದೆ ಒಮ್ಮೆ, ಯಾವ ಅರಸರ ಕಾಲವೋ ಹೇಳುವವರಿಲ್ಲ, ಇಲ್ಲಿ ನಲವತ್ತು ಮನೆಗಳ ಊರೊಂದಿತ್ತಂತೆ. ಜೋಳ, ನವಣೆ, ಕುರಿಹಿಂಡು ಇಷ್ಟೇ ಅದರ ಬಾಳು. ಆ ಊರಿಗೆ ಹುಲಿಗೆವ್ವ ಸೂಲಗಿತ್ತಿ. ಅವಳ ವಶದಲ್ಲಿ ಬೇವಿನ ಕಟ್ಟಿಗೆಯ ಒಂದು ತೊಟ್ಟಿಲಿತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಆ ತೊಟ್ಟಿಲು ಅಲ್ಲಿಗೆ ಹೋಗಬೇಕು, ಇನ್ನೊಂದು ಕೂಸು ಹುಟ್ಟಿದರೆ ಆ ಮನೆಗೆ ಸಾಗಬೇಕು. ಊರಿನವರೆಲ್ಲ ಅದರಲ್ಲೇ ಮಲಗಿ ಬೆಳೆದವರು. ಹೀಗಿರುವಾಗ ಗುಡ್ಡದ ಮೇಲೆ ಕುರಿ ಮೇಯಿಸುತ್ತಿದ್ದವನೊಬ್ಬನಿಗೆ ಬಿಳಿಗಲ್ಲಿನೊಳಗೆ ಹಳದಿ ಗೆರೆ ಕಂಡಿತು. ಅದು ಚಿನ್ನ. ಮುಂದಿನ ಸುಗ್ಗಿಯ ಹೊತ್ತಿಗೆ ಅರಮನೆಯ ಅಧಿಕಾರಿಗಳು ಬಂದಿಳಿದರು. ಎರಡನೆಯ ಸುಗ್ಗಿಗೆ ಜೋಳದ ಹೊಲಗಳ ಮೇಲೆಲ್ಲ ಗುಡಿಸಲುಗಳೆದ್ದವು. ಎಲ್ಲೆಲ್ಲಿಂದಲೋ ಗಂಡಾಳುಗಳು ಬಂದರು; ಬರುವಾಗ ಹೆಂಡಿರು ಮಕ್ಕಳನ್ನು ತಂದವರಿಲ್ಲ. ಸಂತೆಯಲ್ಲಿ ಕಾಳಿನ ಬೆಲೆ ಊರಿನವರ ಕೈಗೆ ಎಟುಕದಂತಾಯಿತು. ಬಾವಿಗಳು ಬತ್ತಿದವು. ಉಳುವುದನ್ನು ಬಿಟ್ಟು ಗಂಡಸರು ಸುರಂಗಕ್ಕಿಳಿದರು, ಹೆಂಗಸರು ಬಂಡೆಯ ಕುಳಿಗಳ ಮುಂದೆ ಕೂತು ಕಲ್ಲು ಕುಟ್ಟತೊಡಗಿದರು.

ಗಂಡ ಹೆಂಡತಿ ಇಬ್ಬರೂ ದುಡಿದರೆ ಆ ಬೆಲೆಗೂ ಹೊಟ್ಟೆ ತುಂಬುವಷ್ಟು ಕೂಲಿ ಸಿಗುತ್ತಿತ್ತು. ಆದರೆ ಬಸುರಿಗೆ ಕುಳಿಯ ಮುಂದೆ ಜಾಗವಿರಲಿಲ್ಲ. ಹೊಟ್ಟೆ ಕಾಣಿಸಿದ ದಿನವೇ ಎಬ್ಬಿಸಿ ಕಳಿಸುತ್ತಿದ್ದರು, ಆ ಜಾಗಕ್ಕೆ ಮರುದಿನವೇ ಇನ್ನೊಬ್ಬಳು ಬರುತ್ತಿದ್ದಳು. ಹುಲಿಗೆವ್ವನ ಸೊಸೆ ಮಾಳವ್ವ ಎರಡು ತಿಂಗಳ ಬಸುರಿಯಾಗಿದ್ದಾಗ ಅತ್ತೆಯ ಎದುರಿಗೆ ಬಂದು ಕೂತಳು.

“ಅತ್ತಿ, ಈ ಕೂಸು ಈಗ ಬ್ಯಾಡ. ಬೇರು ಕೊಡು.”

“ನಾ ಹುಟ್ಟಿಸಾಕಿ. ನನ್ನ ಕಡೆ ಅದನ್ನ ಕೇಳಬ್ಯಾಡ.”

“ನಿನ್ನ ಮಗ ಒಬ್ಬನ ದುಡಿಮಿಯಿಂದ ಒಂದು ಹೊತ್ತಿನ ಒಲಿ ಹತ್ತಂಗಿಲ್ಲ. ಉಣ್ಣಾಕ ಇಲ್ಲದ ಮನಿಯಾಗ ಹಡದು ಏನ್ ಮಾಡ್ಲಿ?”

ಹುಲಿಗೆವ್ವ ಮೂರು ದಿನ ಒಲ್ಲೆನೆಂದಳು. ನಾಲ್ಕನೆಯ ದಿನ ಗುಡ್ಡದ ಹಿಂದಿನಿಂದ ಬೇರು ಕಿತ್ತು ತಂದು ಅರೆದಳು. ಇದೊಂದು ಸಲಕ್ಕೆ ಮಾತ್ರ ಎಂದು ತನಗೆ ತಾನೇ ಹೇಳಿಕೊಂಡಳು. ಸುದ್ದಿ ಮುಚ್ಚಿಡುವಂಥದ್ದಾಗಿರಲಿಲ್ಲ. ಸೊಸೆಗೆ ಕೊಟ್ಟದ್ದನ್ನು ನೆರೆಮನೆಯವಳಿಗೆ ಇಲ್ಲವೆನ್ನುವುದು ಹೇಗೆ? ತಾನೇ ಹೊಕ್ಕುಳಬಳ್ಳಿ ಕೊಯ್ದ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಮುಂದೆ ಅವರೇ ಎರಡನೆಯ ಸಲ, ಮೂರನೆಯ ಸಲವೂ ಬಂದರು. ಮಾಳವ್ವ ನಾಲ್ಕು ಸಲ ಕುಡಿದಳು. ಆರು ವರ್ಷ ಆ ತೊಟ್ಟಿಲು ಹುಲಿಗೆವ್ವನ ಜಂತಿಯಿಂದ ಕೆಳಗಿಳಿಯಲಿಲ್ಲ. ಹೊರಗೆ ಸಾವಿರಾರು ಜನ ಗಿಜಿಗುಟ್ಟುತ್ತಿದ್ದರು. ಊರಿನಲ್ಲಿ ಒಂದು ಕೂಸಿನ ಅಳು ಇರಲಿಲ್ಲ.

ಏಳನೆಯ ವರ್ಷ ಚಿನ್ನದ ಎಳೆ ಬತ್ತಿತು. ಬಂದವರು ಬಂದ ಹಾಗೆಯೇ ಗುಡಿಸಲು ಕಿತ್ತುಕೊಂಡು, ತೆಂಕಲಲ್ಲಿ ಹೊಸ ಗಣಿಯೊಂದು ಸಿಕ್ಕಿದೆಯೆಂದು ನಡೆದರು. ಊರಿನ ಪ್ರಾಯದವರು ಹೋಗಲೋ ಇರಲೋ ಎಂದು ತೂಗಿ ನೋಡುತ್ತಿದ್ದರು. ಮಾಳವ್ವನಿಗೆ ಇರುವ ಮನಸ್ಸಿತ್ತು. ಕಲ್ಲುಪುಡಿ ತೆಗೆದು ಹೊಲ ಹಸನು ಮಾಡೋಣ, ಇನ್ನು ಕೂಸು ಆಗಲಿ ಎಂದು ಅವಳು ತೊಟ್ಟಿಲನ್ನು ಇಳಿಸಿ ಒರೆಸತೊಡಗಿದಳು. ಅದನ್ನು ಕಂಡು ಹುಲಿಗೆವ್ವನಿಗೆ ತಡೆಯಲಾಗಲಿಲ್ಲ.

“ಮಾಳವ್ವ, ಅದನ್ನ ಒರಸಬ್ಯಾಡವ್ವ. ಆ ಬೇರು ಎರಡು ಸಲಕ್ಕಿಂತ ಹೆಚ್ಚು ಕುಡದ್ರ ಬಸಿರು ನಿಲ್ಲಂಗಿಲ್ಲ. ನನಗ ಗೊತ್ತಿತ್ತು.”

ಮಾಳವ್ವ ಒರೆಸುತ್ತಿದ್ದ ಅರಿವೆಯನ್ನು ಮಡಚಿ ತೊಟ್ಟಿಲೊಳಗಿಟ್ಟಳು. “ಗೊತ್ತಿದ್ದೂ ಕೊಟ್ಟಿ?”

“ಕೊಡದಿದ್ರ ಅಂದು ಉಪವಾಸ ಬೀಳ್ತಿದ್ರಿ.”

“ಹಂಗಾದ್ರ ನಾವು ಇಲ್ಲಿ ಯಾರ ಸಲುವಾಗಿ ಇರಬೇಕು, ಅತ್ತಿ?”

ಬೇರಿನ ಆ ಮಾತು ಸಂಜೆಯೊಳಗೆ ಮನೆಮನೆಗೂ ಮುಟ್ಟಿತು. ಇರಬೇಕೆಂದಿದ್ದವರೂ ಗಂಟು ಕಟ್ಟಿದರು. ವಾರದೊಳಗೆ ಮಾಳವ್ವನೂ ಅವಳ ಗಂಡನೂ ಉಳಿದ ಪ್ರಾಯದವರೊಡನೆ ತೆಂಕಲ ದಾರಿ ಹಿಡಿದರು. ಹೋಗುವಾಗ ಸೊಸೆ ಅತ್ತೆಯ ಕಾಲು ಮುಟ್ಟಿದಳು, ಮುಖ ನೋಡಲಿಲ್ಲ. ಹಿಂದೆ ಉಳಿದವರು ಒಂಬತ್ತು ಮಂದಿ. ಎಲ್ಲರೂ ಹೆರುವ ವಯಸ್ಸು ದಾಟಿದವರು.

ತೊಟ್ಟಿಲನ್ನು ಒಲೆಗೆ ಹಾಕಲು ಹುಲಿಗೆವ್ವನಿಗೆ ಕೈ ಬರಲಿಲ್ಲ, ಮನೆಯಲ್ಲಿ ಕಣ್ಣೆದುರು ಇಟ್ಟುಕೊಳ್ಳುವುದೂ ಆಗಲಿಲ್ಲ. ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿ, ತುದಿಯಲ್ಲಿ ಜೋಡಿಯಾಗಿ ನಿಂತ ಎರಡು ಕಲ್ಲುಗಳ ನಡುವೆ ಹಗ್ಗ ಬಿಗಿದು ತೂಗುಹಾಕಿದಳು. ದಿನವೂ ಹೋಗಿ ಅದರ ಪಕ್ಕದಲ್ಲಿ ಕೂತಿರುತ್ತಿದ್ದಳಂತೆ. ಹಾದುಹೋಗುವ ಕುರಿಗಾರರು ಇದೇನಜ್ಜಿ ಎಂದು ಕೇಳಿದರೆ, ಯಾರನ್ನೂ ದೂರದೆ, ತಾನು ಮಾಡಿದ್ದನ್ನು ಮೊದಲಿನಿಂದ ಕಡೆಯವರೆಗೆ ಹೇಳುತ್ತಿದ್ದಳು. ಒಂದು ವರ್ಷ ಕುರಿಗಾರರು ಮರಳಿ ಬಂದಾಗ ಗಾಳಿಗೆ ತೊಟ್ಟಿಲೊಂದೇ ಆಡುತ್ತಿತ್ತು, ಅಜ್ಜಿ ಇರಲಿಲ್ಲ. ಕೆಳಗೆ ಊರಿನಲ್ಲಿ ಹೊಗೆಯೇಳುವ ಮನೆಯೂ ಇರಲಿಲ್ಲ. ಗುಡ್ಡಕ್ಕೆ ಹೆಸರಿಟ್ಟವರು ಅವರೇ ಎನ್ನುತ್ತಾರೆ.

ತೊಟ್ಟಿಲು ಗೆದ್ದಲು ಹಿಡಿದು ಯಾವಾಗಲೋ ಉದುರಿತು. ಹತ್ತಿ ಹೋದವರಿಗೆ ಆ ಜೋಡಿಗಲ್ಲು ಈಗಲೂ ಕಾಣುತ್ತದೆ. ಎರಡರ ಕೊರಳಲ್ಲೂ ಹಗ್ಗ ಸವೆಸಿದ ಗೆರೆಯಿದೆ. ಕೆಳಗಿನ ಗುಂಟಿಹಾಳ ಬಹಳ ಕಾಲದ ಮೇಲೆ ಹೊಸದಾಗಿ ಕಟ್ಟಿದ ಊರು. ಅಲ್ಲಿನ ಯಾವ ಮನೆಯ ಕಟ್ಟೆಯ ಮೇಲೆ ಕೂತು ನಿಮ್ಮ ಹಿರಿಯರು ಎಲ್ಲಿಯವರೆಂದು ಕೇಳಿದರೂ ಹೊಳೆಯಾಚೆಯ ಊರು, ಘಟ್ಟದಾಚೆಯ ಊರು, ಒಂದೊಂದು ಹೆಸರು ಹೇಳುತ್ತಾರೆ. ಇಲ್ಲಿಯವರೇ ಎನ್ನುವ ಮನೆ ಒಂದೂ ಇಲ್ಲ.