ಮುಸುವಜ್ಜನ ಬಾಲದ ಅಳತೆ

ಮೊಟ್ಟೆಯಾಕಾರದ ಚೆಂಡನ್ನು ಹೊತ್ತು, ಅಡ್ಡ ಬಂದವರನ್ನು ದಾಟಿ ಆಚೆಯ ಗೆರೆ ಮುಟ್ಟುವ ಅಮೆರಿಕದ ಫುಟ್‌ಬಾಲ್ ಆಟ ಕಾಡಿಗೂ ಬಂದಿತ್ತು. ಆಟಗಾರರನ್ನು ಆರಿಸುವ ಕೆಲಸ ಕರಿಮೋರೆಯ ಮುದಿ ಕೋತಿ ಮುಸುವಜ್ಜನದು. ಓಡುವವರು ಗೆರೆ ಮುಟ್ಟುವತನಕ ಅವನು ಬಾಲ ಬಡಿದು ಎಣಿಸುತ್ತಿದ್ದ. ಜಿಗಿತವನ್ನೂ ಅದೇ ಬಾಲದಿಂದ ಅಳೆಯುತ್ತಿದ್ದ. ಬಾಲದ ಲೆಕ್ಕ ತಪ್ಪುವುದಿಲ್ಲವೆಂದು ಅವನಿಗೆ ಭಾರೀ ಹೆಮ್ಮೆ.

ಪರೀಕ್ಷೆಯಲ್ಲಿ ಎಳೆಯ ಜಿಂಕೆ ಎಲ್ಲರನ್ನೂ ಮೀರಿಸಿತು.

"ಇಂಥ ಕಾಲು ನಾನು ಕಂಡೇ ಇಲ್ಲ ಮಗಾ! ನೀನಿದ್ದರೆ ನಾವು ಗೆದ್ದ ಹಾಗೆಯೇ," ಎಂದ ಮುಸುವಜ್ಜ.

ಪಂದ್ಯದಲ್ಲಿ ಜಿಂಕೆ ಚೆಂಡು ಕಚ್ಚಿಕೊಂಡು ಹೊರಟಿತು. ಎದುರಾಳಿ ಕಾಡುಕೋಣ ತಲೆ ತಗ್ಗಿಸಿ ನುಗ್ಗಿತು. ಜಿಂಕೆ ಚೆಂಡು ಉಗುಳಿ, ಪರೀಕ್ಷೆಯ ದಿನಕ್ಕಿಂತಲೂ ಜೋರಾಗಿ ಓಡಿ, ಮೈದಾನ ಬಿಟ್ಟು ಪೊದೆ ಸೇರಿತು. ತಂಡ ಸೋತಿತು.

ಮುಸುವಜ್ಜ ಪೊದೆಯ ಪಕ್ಕ ಕುಳಿತು ಕೇಳಿದ, "ಅವತ್ತು ಅಷ್ಟು ಚೆನ್ನಾಗಿ ಓಡಿದ್ದೆಯಲ್ಲ, ಇವತ್ತೇನಾಯಿತು?"

"ಅವತ್ತು ದಾರಿಯಲ್ಲಿ ಯಾರೂ ಇರಲಿಲ್ಲ ಅಜ್ಜಾ."

ಮುಸುವಜ್ಜ ತನ್ನ ಬಾಲವನ್ನೊಮ್ಮೆ ನೋಡಿಕೊಂಡ. ಅದು ಅಳೆದದ್ದೆಲ್ಲ ನಿಜವೇ ಆಗಿತ್ತು.

ಮುಂದಿನ ಆಯ್ಕೆಯ ದಿನ ಅವನು ಆ ಕಾಡುಕೋಣವನ್ನೇ ಕರೆದು ಓಟದ ದಾರಿಯ ನಡುವೆ ನಿಲ್ಲಿಸಿದ. ಜಿಂಕೆಯೂ ಮತ್ತೆ ಬಂತು. ಕೋಣ ನುಗ್ಗಿದಾಗ ಜಿಂಕೆ ಗಕ್ಕನೆ ನಿಂತಿತು. ಚೆಂಡನ್ನು ಬಿಗಿಯಾಗಿ ಕಚ್ಚಿ, ಪಕ್ಕಕ್ಕೆ ಹೊರಳಿ, ಏಟು ತಿಂದು, ಕುಂಟುತ್ತಾ ಗೆರೆ ಮುಟ್ಟಿತು.

"ಈ ಸಲ ನಾನೇ ಎಲ್ಲರಿಗಿಂತ ನಿಧಾನ, ಅಲ್ಲವಾ ಅಜ್ಜಾ?"

"ಯಾರಿಗೆ ಗೊತ್ತು ಮಗಾ," ಎಂದ ಮುಸುವಜ್ಜ, ಅದರ ಮೈಮೇಲಿನ ಮಣ್ಣು ಕೊಡವುತ್ತಾ. "ನಾಳೆ ಪಂದ್ಯಕ್ಕೆ ಬಂದುಬಿಡು. ನಿನ್ನನ್ನು ನೋಡುತ್ತಾ ನೋಡುತ್ತಾ ಬಾಲ ಬಡಿಯುವುದನ್ನೇ ಮರೆತುಬಿಟ್ಟೆ."