ಕಾಳಮ್ಮನ ಕಿವಿಗೆ ಮೂರು ಮದ್ದು

ಒಂದಾನೊಂದು ಕಾಲದಲ್ಲಿ, ದನ ಯಾರ ಮನೇದು ಅಂತ ಕೊರಳಗಂಟೆ ಸದ್ದಿನಿಂದಲೇ ಹೇಳ್ತಿದ್ದ ಕಾಲದಲ್ಲಿ ಕಣೇ ಪುಟ್ಟಿ, ವೀರಾಚಾರಿ ಅಂತ ಒಬ್ಬ ಕಮ್ಮಾರ ಇದ್ದನಂತೆ. ಅವನ ಹೆಂಡತಿ ಕಾಳಮ್ಮ. ಒಂದೊಂದು ಮನೆ ದನಕ್ಕೂ ಒಂದೊಂದು ನಾದದ ಗಂಟೆ ಮಾಡೋದು ಅವರ ಕಸುಬು. ಬಡಿಯೋನು ಅವನು, ಇಕ್ಕಳದಲ್ಲಿ ಹಿಡಿಯೋಳು ಅವಳು, ನಾದ ಸರಿ ಬಂತು ಅಂತ ಹೇಳೋಳೂ ಅವಳೇ. ಆ ಕಿವಿ ಅವಳಿಗೆ ಅಪ್ಪನ ಮನೆಯಿಂದ ಬಂದಿತ್ತಂತೆ. ಇವನಿಗೆ ತಮಟೆಗೂ ತಂಬಿಗೆಗೂ ವ್ಯತ್ಯಾಸ ತಿಳೀತಿರಲಿಲ್ಲ. ಅದಕ್ಕೆ ಏನ್ಮಾಡ್ತಿದ್ದ ಗೊತ್ತಾ, ತಾನು ಮಾತ್ರ ಕಿವಿಗೆ ಅರಳೆ ತುರುಕ್ಕೊಂಡು ಬಡೀತಿದ್ದ. ಅವಳು ಅರಳೆ ಇಟ್ಕೊಳ್ಳೋ ಹಾಗಿಲ್ಲ, ನಾದ ಕೇಳಬೇಕಲ್ಲ! ಇಪ್ಪತ್ತು ವರ್ಷ ಹೀಗೇ ನಡೀತಂತೆ. ನೆನೆಸ್ಕೊಂಡ್ರೆ ನನಗೆ ಈಗಲೂ ಮೈ ಉರಿಯುತ್ತೆ.

ಆಮೇಲೆ ಒಂದು ದಿನ ಅವಳ ಕಿವೀಲಿ ಜೀರುಂಡೆ ಹೊಕ್ಕ ಹಾಗೆ ಗುಂಯ್ ಅಂತ ಶುರುವಾಯ್ತಂತೆ. ಉಣ್ಣೋಕೆ ಕೂತರೂ ಗುಂಯ್, ಮಲಗಿದರೂ ಗುಂಯ್. ಮದ್ದಿನ ಸಾಕವ್ವ ಬಂದು ನೋಡಿ, ಎಳ್ಳೆಣ್ಣೇಲಿ ಬೆಳ್ಳುಳ್ಳಿ ಕಾಯಿಸಿ ಬೆಚ್ಚಗೆ ಎರಡು ತೊಟ್ಟು ಬಿಡಪ್ಪ, ಆದ್ರೆ ಏಳು ದಿನ ಸುತ್ತಿಗೆ ಸದ್ದು ಈ ಕಿವಿಗೆ ಬೀಳಕೂಡದು, ಬಿದ್ದರೆ ಮದ್ದೆಲ್ಲ ಹಾಳು ಅಂದಳಂತೆ. ಆಗಲಿ ಅವ್ವ ಅಂದ. ತಾನೇ ಒಲೆ ಮುಂದೆ ಕೂತು ಎಣ್ಣೆ ಕಾಯಿಸಿ, ಅವಳ ತಲೆ ತೊಡೆ ಮೇಲಿಟ್ಕೊಂಡು ಕಿವಿಗೆ ಬಿಟ್ಟ. ಅವನಿಗೆ ಪ್ರೀತಿ ಇರಲಿಲ್ಲ ಅಂತ ಅಲ್ಲ ಮತ್ತೆ. ಮೂರನೇ ದಿನ ಗೌಡರ ಮನೆ ಎಮ್ಮೆಗೆ ಗಂಟೆ ಬೇಕು ಅಂತ ಆಳು ಬಂದ. ಇದೊಂದೇ ಒಂದು ಗಂಟೆ ಕಣೇ ಕಾಳಿ, ಬಾ ಅಂದನಂತೆ. ಹೋದಳು.

ಗುಂಯ್ ಅನ್ನೋದು ಜೋರಾಯ್ತು. ಸಾಕವ್ವ ಬೈದು, ಎಕ್ಕದ ಎಲೆಗೆ ತುಪ್ಪ ಸವರಿ ಕೆಂಡದ ಮೇಲೆ ಬಾಡಿಸಿ ರಸ ಹಿಂಡು ಅಂದಳಂತೆ. ಅದಕ್ಕೂ ಏಳು ದಿನ. ಅದೂ ಮಾಡಿದ, ಅದರಲ್ಲೂ ಮೂರನೇ ದಿನವೇ ಇದೊಂದೇ ಗಂಟೆ ಅಂತ ಕರೆದ. ಹೂಂ, ನೀನು ಕಿವಿಗೆ ಗಿವಿಗೆ ಏನಾದ್ರೂ ಹಾಕ್ಕೊಂಡೀಯ, ಇದು ಕತೆ.

ಆಮೇಲೆ ಸಾಕವ್ವ, ನನ್ನ ಹತ್ರ ಇರೋದು ಇನ್ನೊಂದೇ ಮದ್ದು ಅಂದಳಂತೆ. ಮೂರು ಗುಡ್ಡದಾಚೆ ಸಿಗೋ ಒಂದು ಬೇರು. ವೀರಾಚಾರಿ ಕಾಲಿಗೆ ಮುಳ್ಳು ಚುಚ್ಚಿಸ್ಕೊಂಡು, ಅರೆಹೊಟ್ಟೇಲಿ ನಡೆದು ತಂದನಂತೆ. ಗುಡ್ಡ ಹತ್ತು ಅಂದ್ರೆ ಹತ್ತುತಾನೆ, ಸುತ್ತಿಗೆ ಕೆಳಗಿಡು ಅಂದ್ರೆ ಆಗಲ್ಲ ಅವನ ಕೈಲಿ. ಬೇರು ತೇದು ಹಾಕಿದ, ಮೂರನೇ ದಿನ ಮತ್ತೆ ಕರೆದ. ಅವಳು ಎರಡೂ ಕೈ ಜೋಡಿಸಿ, ಬೇಡ ಕಣ್ರೀ, ಇನ್ನು ನಾಲ್ಕೇ ದಿನ ಅಂದಳಂತೆ. ಅವನ ಕಿವೀಲಿ ಅರಳೆ ಇತ್ತು.

ಮಾರನೇ ಬೆಳಗ್ಗೆ ಅವಳು ಕಣ್ಣು ಬಿಟ್ಟರೆ ಗುಂಯ್ ಇಲ್ಲ! ಕುಲುಮೆ ಸದ್ದೂ ಇಲ್ಲ. ಅಯ್ಯೋ, ಕೊನೆಗೂ ನನ್ನ ಮಾತು ಕೇಳಿ ಕುಲುಮೆ ಆರಿಸಿದ್ದಾರಲ್ಲ ಅಂತ ಕಣ್ತುಂಬಿ ಬಂತಂತೆ ಪಾಪ, ಒಂದು ಚೊಂಬು ಮಜ್ಜಿಗೆ ತಗೊಂಡು ಹಿತ್ತಲ ಕುಲುಮೆಗೆ ಓಡಿದಳಂತೆ. ನೋಡಿದರೆ ಅವನು ಬಡೀತಿದ್ದಾನೆ. ಕಿಡಿ ಹಾರ್ತಿದೆ. ಸದ್ದಿಲ್ಲ.

ಚೊಂಬು ಕೆಳಗೆ ಬಿತ್ತು, ಅದೂ ಕೇಳಿಸಲಿಲ್ಲ. ಅವನು ಗಂಟೆ ಅಲ್ಲಾಡಿಸಿ ಮುಖ ನೋಡಿದ, ಅವಳು ಸರಿ ಇದೆ ಅಂತ ತಲೆ ಆಡಿಸಿದಳು. ಮದ್ದು ಹಿಡೀತು ಅಂತ ಅವನು ಊರಿಗೆಲ್ಲ ಬೆಲ್ಲ ಹಂಚಿದನಂತೆ. ಆಮೇಲೆ ಎಷ್ಟು ಗಂಟೆ ಮಾಡಿದರೂ ಅವಳು ಸರಿ ಇದೆ ಅಂತಲೇ ಅಂದಳು. ಒಂದು ತಿಂಗಳಿಗೆ ದನ ಯಾರ ಮನೇದು ಅಂತ ಯಾರಿಗೂ ತಿಳೀದೆ, ಜನ ಹೊಸ ಗಂಟೆಗಳನ್ನೆಲ್ಲ ತಂದು ಅವನ ಅಂಗಳಕ್ಕೆ ಸುರಿದರಂತೆ. ಅವನು ಕೋಪದಲ್ಲಿ ಒಳಗೆ ಬಂದು, ಅಕ್ಕಿ ಆರಿಸ್ತಿದ್ದ ಅವಳ ಬೆನ್ನ ಹಿಂದೆ ನಿಂತು ಗಂಟೆ ಬಡಿದ. ಅವಳು ಕಲ್ಲು ಆರಿಸ್ತಾನೇ ಇದ್ದಳಂತೆ.

ಆಗ ತಿಳೀತು ಅವನಿಗೆ. ತಪ್ಪಾಯ್ತು ಕಾಳಿ ಅಂದ, ಕೂಗಿ ಅಂದ, ಕಿವಿಗೆ ಬಾಯಿಟ್ಟು ಅಂದನಂತೆ. ಅವಳು ತಿರುಗಿ ನೋಡಿ, ಹಸಿವಾಯ್ತಾ ಅಂತ ಕೇಳಿದಳಂತೆ.

ಕುಲುಮೆ ಆರಿತು, ಮನೇಲಿ ಎರಡು ಹೊತ್ತು ಅನ್ನಕ್ಕೇನೂ ಕಮ್ಮಿ ಆಗಲಿಲ್ಲ, ಇಬ್ಬರೂ ಚೆನ್ನಾಗೇ ಬದುಕಿದರು ಅಂತಾರೆ ಹೇಳೋರು. ಅವನು ಸಾಯೋವರೆಗೂ ದಿನಾ ಅವಳ ಕಿವೀಲಿ ತಪ್ಪಾಯ್ತು ಅಂತಿದ್ದನಂತೆ, ಅವಳು ದಿನಾ ತಟ್ಟೆ ಹಾಕ್ತಿದ್ದಳಂತೆ. ಇಷ್ಟೇ, ಕತೆ ಮುಗೀತು, ಕಣ್ಮುಚ್ಚು.